ರಾಜ್ಯದ ತಪ್ಪೂ ಕ್ಷಮೆಯ ಅಧಿಕಾರವೂ

ತಪ್ಪು ಮಾಡುವುದು ಮನುಷ್ಯನಿಗೆ ಸಹಜ. ಮಾಡಿದ ತಪ್ಪನ್ನು ತಪ್ಪೆಂದು ನುಡಿಯುವುದು ಕಠಿನ. ಗೃಹಸ್ಥನೊಬ್ಬನು ನೆರೆಮನೆಯ ಮಗುವಿಗೆ ಕೇಡು ಮಾಡಿದರೆ ಊರಿನ ಹಿರಿಯರು ಅವನನ್ನು ಕೇಳುವರು. ಅವರು ಸುಮ್ಮನಿದ್ದರೂ ಅವನ ಅಂತಃಕರಣವು ಅವನನ್ನು ಕೇಳದೆ ಬಿಡದು. ಆದರೆ ಕೇಡು ಮಾಡಿದುದು ರಾಜ್ಯವೇ ಆದರೆ ಕೇಳುವವರಾರು? ರಾಜ್ಯಕ್ಕೆ ಕೋವಿಯುಂಟು, ಸೆರೆಮನೆಯುಂಟು, ಬೊಕ್ಕಸವುಂಟು; ಅದಕ್ಕೆ ಅಂತಃಕರಣವೆಂಬುದು ಎಲ್ಲಿರುವುದು? ಪ್ರಜೆಗಳು ಆರಿಸಿ ಕಳುಹಿಸಿದ ಸಭೆಯೇ ರಾಜ್ಯದ ಅಂತಃಕರಣವೆಂದು ಪ್ರಜಾಪ್ರಭುತ್ವವನ್ನು ನೆಚ್ಚಿದವರು ಹೇಳುವರು. ಆ ಮಾತು ಎಷ್ಟರಮಟ್ಟಿಗೆ ನಿಜ? ದೇಶದ ರಕ್ಷಣೆಯ ಹೆಸರಿನಲ್ಲಿ ನಿರಪರಾಧಿಗಳ ರಕ್ತವು ಹರಿದಾಗ ಆ ಸಭೆಯು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು? ಉತ್ತರ ಐರ್ಲೆಂಡಿನ ಡೆರಿ ಪಟ್ಟಣದಲ್ಲಿ ಒಂದು ಭಾನುವಾರ ನಡೆದ ಕೊಲೆಗಳೂ, ಅವನ್ನು ಕುರಿತು ಬ್ರಿಟನ್ನಿನ ಪಾರ್ಲಿಮೆಂಟು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿದ ಚರ್ಚೆಯೂ ಈ ಪ್ರಶ್ನೆಗೆ ಬೆಳಕು ಕೊಡುತ್ತವೆ.

ಐರ್ಲೆಂಡು 1921ರಲ್ಲಿ ಎರಡಾದಾಗ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆ ಉಳಿದವು. ಅಲ್ಲಿ ಪ್ರಾಟೆಸ್ಟೆಂಟರು ಬಹುಸಂಖ್ಯಾತರು, ಕ್ಯಾಥೊಲಿಕರು ಅಲ್ಪಸಂಖ್ಯಾತರು. ಮನೆ, ಉದ್ಯೋಗ, ಮತದಾನ ಇವುಗಳಲ್ಲಿ ತಮಗೆ ಅನ್ಯಾಯವಾಗುತ್ತಿದೆಯೆಂದು ಕ್ಯಾಥೊಲಿಕರು ಕೂಗಿಟ್ಟರು. ಗಲಭೆಗಳು ಹಬ್ಬಿ 1969ರಲ್ಲಿ ಸೈನ್ಯವು ಬೀದಿಗಿಳಿಯಿತು. 1971ರ ಆಗಸ್ಟಿನಲ್ಲಿ ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಕ್ರಮವು ಜಾರಿಗೆ ಬಂದಿತು. ಅದನ್ನು ಪ್ರತಿಭಟಿಸಿ 1972ರ ಜನವರಿ 30ರಂದು ಡೆರಿಯಲ್ಲಿ ಸಹಸ್ರಾರು ಮಂದಿ ಮೆರವಣಿಗೆ ಹೊರಟರು. ಮೆರವಣಿಗೆಗೆ ನಿಷೇಧವಿತ್ತು. ಪ್ಯಾರಾಚೂಟ್ ದಳದ ಸೈನಿಕರು ಬಾಗ್‌ಸೈಡ್ ಎಂಬ ಕೇರಿಗೆ ನುಗ್ಗಿ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದರು. ಹದಿಮೂರು ಮಂದಿ ಅಂದೇ ಮಡಿದರು. ಗಾಯಗೊಂಡಿದ್ದ ಇನ್ನೊಬ್ಬನು ಕೆಲವು ತಿಂಗಳ ಬಳಿಕ ತೀರಿಕೊಂಡನು. ಸತ್ತವರಲ್ಲಿ ಆರು ಮಂದಿ 17 ವರ್ಷದ ಹುಡುಗರು.

ಮರುದಿನ ಕಾಮನ್ಸ್ ಸಭೆಯಲ್ಲಿ ಗೃಹಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಅವರು, ತಮ್ಮ ಮೇಲೆ ಬಂದ ಗುಂಡುಗಳಿಗೆ ಸೈನಿಕರು ಉತ್ತರ ಕೊಟ್ಟರೆಂದು ಹೇಳಿಕೆಯಿತ್ತರು. ಮೆರವಣಿಗೆಯಲ್ಲಿದ್ದು ಕಣ್ಣಾರೆ ಕಂಡಿದ್ದ ಸದಸ್ಯೆಯೊಬ್ಬರು ಅದೇ ಸಭೆಯಲ್ಲಿದ್ದರು. ಬರ್ನಡೆಟ್ ಡೆವ್ಲಿನ್ ಎಂಬ 24 ವರ್ಷದ ಆ ತರುಣಿಗೆ ಮಾತನಾಡಲು ಅವಕಾಶ ದೊರೆಯಲಿಲ್ಲ. ಆಕೆ ಎದ್ದು ಹೋಗಿ ಮಂತ್ರಿಗಳನ್ನು ಹೊಡೆದರು. ಸಭೆಯಲ್ಲಿ ಕೈಯೆತ್ತುವುದು ಯೋಗ್ಯವೆಂದು ಯಾರೂ ಹೇಳರು. ಆದರೆ ಕಾಣದವರು ನುಡಿಯಬಹುದು, ಕಂಡವರು ನುಡಿಯಬಾರದು ಎಂದಾದ ಸಭೆಯಲ್ಲಿ ಮೊದಲು ಪೆಟ್ಟು ಬಿದ್ದುದು ಯಾರಿಗೆ? ಮಂತ್ರಿಗಿಂತ ಮೊದಲು ಅದು ಸತ್ಯಕ್ಕೆ ಬಿದ್ದಿತ್ತು.

ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರಾದ ಲಾರ್ಡ್ ವಿಡ್ಜರಿ ಅವರು ವಿಚಾರಣೆ ನಡೆಸಿ ಏಪ್ರಿಲಿನಲ್ಲಿಯೇ ವರದಿಯನ್ನೊಪ್ಪಿಸಿದರು. ಕೆಲವು ಸೈನಿಕರ ವರ್ತನೆ ಅವಿವೇಕದ ಅಂಚಿಗೆ ಮುಟ್ಟಿತೆಂದರೂ, ಒಟ್ಟಿನಲ್ಲಿ ವರದಿಯು ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಸತ್ತವರಲ್ಲಿ ಕೆಲವರು ಆಯುಧಗಳನ್ನೋ ಬಾಂಬುಗಳನ್ನೋ ಮುಟ್ಟಿದ್ದರೆಂಬ ಸಂಶಯವನ್ನು ಉಳಿಸಿತು. ಹೀಗೆ ಮಡಿದವರು ಎರಡನೆಯ ಸಲ ಮಡಿದರು. ಮೊದಲನೆಯ ಸಲ ಹೋದುದು ಪ್ರಾಣ, ಎರಡನೆಯ ಸಲ ಹೋದುದು ಮಾನ. ಮಗನನ್ನು ಮಣ್ಣುಮಾಡಿ ಬಂದ ತಾಯಿಯು, ನಿನ್ನ ಮಗನೇ ಅಪರಾಧಿಯಾಗಿದ್ದಿರಬಹುದೆಂಬ ರಾಜಮುದ್ರೆಯ ಮಾತನ್ನು ಕೇಳುತ್ತ ವರ್ಷಗಳನ್ನು ಕಳೆಯಬೇಕಾಯಿತು.

ಇಲ್ಲಿ ರಾಜ್ಯದ ಪಕ್ಷದವರ ವಾದವನ್ನೂ ನ್ಯಾಯದೃಷ್ಟಿಯಿಂದ ಕೇಳಬೇಕು. ಆ ನಾಡಿನಲ್ಲಿ ಮೂರು ದಶಕಗಳ ಕಾಲ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದವರು ಸರ್ಕಾರದವರಲ್ಲ, ಎರಡೂ ಕಡೆಯ ಗುಪ್ತ ಸಶಸ್ತ್ರ ಸಂಘಗಳವರು. ಸೈನಿಕರೂ ಪೋಲೀಸರೂ ಸೇರಿ ಸಾವಿರಕ್ಕೂ ಮಿಕ್ಕಿ ರಕ್ಷಕರು ಪ್ರಾಣ ಕೊಟ್ಟರು. ಹಗಲಿರುಳು ಸಾವಿನ ನಡುವೆ ನಿಂತವನ ಕ್ಷಣಮಾತ್ರದ ನಿರ್ಣಯವನ್ನು, ಸುಖಾಸನದಲ್ಲಿ ಕುಳಿತವರು ವರ್ಷಗಟ್ಟಲೆ ತೂಗಿ ನೋಡುವುದು ನ್ಯಾಯವೇ? ಹಾಗೆ ತೂಗತೊಡಗಿದರೆ ನಾಳೆ ಕಾಯುವವನ ಕೈ ನಡುಗದೇ? ಪಾರ್ಲಿಮೆಂಟಿನಲ್ಲಿ ಮತ್ತೆ ಮತ್ತೆ ಕೇಳಿಬಂದ ಈ ಪ್ರಶ್ನೆಗಳು ಹುಸಿಯಲ್ಲ.

ಆದರೆ ಕಾಯುವವನಿಗೂ ಕಳ್ಳನಿಗೂ ಅಳತೆಗೋಲು ಒಂದೇ ಆಗಲಾರದು. ಕಳ್ಳನು ಕೊಂದರೆ ಪ್ರಜೆಯು ರಾಜ್ಯದ ಬಾಗಿಲಿಗೆ ಓಡುವನು. ರಾಜ್ಯವೇ ಕೊಂದರೆ ಅವನು ಓಡುವುದೆಲ್ಲಿಗೆ? ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಯು ಹುಟ್ಟಿದುದು ಈ ಸಂಕಟದಿಂದಲೇ. ಕೋವಿಯನ್ನು ಕೈಗೆ ಕೊಡುವಾಗ ಸಮಾಜವು ಅದರೊಡನೆ ಒಂದು ನಂಬಿಕೆಯನ್ನೂ ಕೊಡುವುದು. ಕಾಯುವುದು ರಕ್ಷಕನ ಕಾಯಕ. ಕಾಯಕದಲ್ಲಿ ಮೋಸವು ಹೊಕ್ಕ ಮೇಲೆ ಅದು ಕಾಯಕವೆನಿಸದು. ಮೇಲಾಗಿ, ಸುಳ್ಳು ಆ ನಾಡಿಗೆ ಯಾವ ರಕ್ಷಣೆಯನ್ನು ತಂದಿತು? ಡೆರಿಯ ಆ ದಿನದ ತರುವಾಯ ತರುಣರು ಸಾಲುಗಟ್ಟಿ ಐರಿಷ್ ರಿಪಬ್ಲಿಕನ್ ಸೈನ್ಯವನ್ನು ಸೇರಿದರು. ಹಿಂಸೆಯ ಆ ಕಾಲದಲ್ಲೆಲ್ಲ ಅತಿ ಹೆಚ್ಚು ಜನರು ಸತ್ತುದು 1972ರಲ್ಲಿಯೇ. ಮುಚ್ಚಿಟ್ಟ ಗಾಯವು ಮಾಯುವುದಿಲ್ಲ, ಒಳಗೊಳಗೇ ಕೀವಾಗುವುದು.

ಇಪ್ಪತ್ತಾರು ವರ್ಷಗಳ ನಂತರ, 1998ರ ಜನವರಿಯಲ್ಲಿ, ಪ್ರಧಾನಮಂತ್ರಿ ಟೋನಿ ಬ್ಲೇರ್ ಅವರು ಹೊಸ ವಿಚಾರಣೆಯನ್ನು ಪಾರ್ಲಿಮೆಂಟಿನಲ್ಲಿ ಸಾರಿದರು. ಲಾರ್ಡ್ ಸ್ಯಾವಿಲ್ ಅವರ ಮಂಡಲಿಯು 900ಕ್ಕೂ ಹೆಚ್ಚು ಸಾಕ್ಷಿಗಳ ಬಾಯಿಮಾತನ್ನು ಕೇಳಿತು. ಹನ್ನೆರಡು ವರ್ಷಗಳು ಸಂದವು. 19 ಕೋಟಿ ಪೌಂಡಿಗೂ ಮಿಕ್ಕಿ ವೆಚ್ಚವಾಯಿತು. ಇಷ್ಟು ಹಣವೇಕೆ ಎಂದು ಅನೇಕರು ಆಕ್ಷೇಪಿಸಿದರು. ಮೊದಲ ತಿಂಗಳುಗಳಲ್ಲಿಯೇ ಸತ್ಯವನ್ನು ನುಡಿದಿದ್ದರೆ ಅದಕ್ಕೆ ಏನೂ ಬೆಲೆ ತೆರಬೇಕಾಗಿರಲಿಲ್ಲವೆಂಬುದನ್ನು ಅವರು ಮರೆತರು. ಅಸತ್ಯವೂ ಒಂದು ಸಾಲ. ತಡಮಾಡಿದಷ್ಟೂ ಬಡ್ಡಿ ಬೆಳೆಯುವುದು.

2010ರ ಜೂನ್ 15ರಂದು ವರದಿಯು ಹೊರಬಂದಿತು. ಗುಂಡೇಟು ತಿಂದವರಲ್ಲಿ ಯಾರೂ ಸೈನಿಕರ ಪ್ರಾಣಕ್ಕೆ ಅಪಾಯ ತರುವ ಸ್ಥಿತಿಯಲ್ಲಿರಲಿಲ್ಲವೆಂದೂ, ಗುಂಡು ಹಾರಿಸುವ ಮುನ್ನ ಎಚ್ಚರಿಕೆ ಕೊಡಲಿಲ್ಲವೆಂದೂ, ಹಲವು ಸೈನಿಕರು ತಿಳಿದೂ ತಿಳಿದೂ ಸುಳ್ಳು ಹೇಳಿದರೆಂದೂ ಅದು ನಿರ್ಣಯಿಸಿತು. ಸಶಸ್ತ್ರ ಸಂಘದವರೂ ಅಂದು ಕೆಲವು ಗುಂಡುಗಳನ್ನು ಹಾರಿಸಿದ್ದರೆಂಬುದನ್ನು ವರದಿಯು ಮರೆಮಾಚಲಿಲ್ಲ; ಆದರೆ ಈ ಕೊಲೆಗಳಿಗೆ ಅದು ಸಮರ್ಥನೆಯಾಗದೆಂದಿತು. ಅಂದು ಪ್ರಧಾನಮಂತ್ರಿಗಳಾಗಿದ್ದ ಡೇವಿಡ್ ಕ್ಯಾಮರಾನ್ ಅವರು ಸೈನ್ಯವನ್ನು ಗೌರವಿಸುವ ಪಕ್ಷದ ನಾಯಕರು. ಆದರೂ ಅವರು ಸಭೆಯಲ್ಲಿ ನಿಂತು, ನಡೆದುದು ಅನ್ಯಾಯ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದು ಒಪ್ಪಿಕೊಂಡು, ಸರ್ಕಾರದ ಪರವಾಗಿಯೂ ದೇಶದ ಪರವಾಗಿಯೂ ಕ್ಷಮೆ ಬೇಡಿದರು. ಸತ್ಯವನ್ನು ಬಚ್ಚಿಡುವುದರಿಂದ ಪ್ರಾಮಾಣಿಕ ಸೈನಿಕರಿಗೆ ಗೌರವ ಸಲ್ಲದೆಂಬುದೂ ಅವರ ಮಾತಿನ ತಾತ್ಪರ್ಯವಾಗಿತ್ತು. ಡೆರಿಯ ಗಿಲ್ಡ್‌ಹಾಲ್ ಚೌಕದಲ್ಲಿ ನೆರೆದಿದ್ದ ಜನರು ದೊಡ್ಡ ತೆರೆಯ ಮೇಲೆ ಆ ಭಾಷಣವನ್ನು ಕೇಳಿ ಜಯಘೋಷ ಮಾಡಿದರು. ಸತ್ತವರು ಮರಳಲಿಲ್ಲ, ಅವರ ಹೆಸರು ಮರಳಿತು.

ಗುಂಡು ಹಾರಿದ ದಿನ ಕ್ಯಾಮರಾನ್ ಅವರು ಐದು ವರ್ಷದ ಮಗು. ತಾನು ಮಾಡದ ತಪ್ಪಿಗೆ ಅವರು ತಲೆಬಾಗಿದುದೇಕೆ? ಪೀಠವನ್ನೇರಿದವನಿಗೆ ಪೀಠದ ಕಿರೀಟವು ಮಾತ್ರ ಬರುವುದಿಲ್ಲ. ಪೀಠದ ಸಾಲವೂ ಬರುವುದು. ತಂದೆಯ ಹೊಲಮನೆಗಳನ್ನು ಪಡೆದ ಮಗನು ತಂದೆಯ ಸಾಲವು ತನ್ನದಲ್ಲವೆನ್ನಬಹುದೇ?

ನುಡಿಯ ಹಿಂದೆ ನಡೆಯು ಬರಬೇಕಷ್ಟೆ. ಪೋಲೀಸಿನ ವಿಷಯದಲ್ಲಿ ಆ ನಾಡು ಅಂಥ ಒಂದು ನಡೆಯನ್ನು ತೋರಿಸಿತು. ಹಳೆಯ ಪೋಲೀಸು ದಳದಲ್ಲಿ ಕ್ಯಾಥೊಲಿಕರು ನೂರಕ್ಕೆ ಸುಮಾರು ಎಂಟು ಮಂದಿ ಮಾತ್ರ. 1998ರ ಶಾಂತಿ ಒಪ್ಪಂದದ ತರುವಾಯ ಕ್ರಿಸ್ ಪ್ಯಾಟನ್ ಅವರ ಆಯೋಗದ ಸಲಹೆಯಂತೆ 2001ರಲ್ಲಿ ದಳದ ಹೆಸರೂ ಲಾಂಛನವೂ ಬದಲಾದವು. ಹತ್ತು ವರ್ಷಗಳ ಕಾಲ ಹೊಸಬರಲ್ಲಿ ಅರ್ಧದಷ್ಟನ್ನು ಕ್ಯಾಥೊಲಿಕರಿಂದ ಆರಿಸಲಾಯಿತು. 2011ರ ವೇಳೆಗೆ ಅವರ ಪ್ರಮಾಣವು ನೂರಕ್ಕೆ ಮೂವತ್ತರ ಹತ್ತಿರಕ್ಕೆ ಬಂದಿತು. ಪೋಲೀಸರ ಮೇಲಣ ದೂರುಗಳನ್ನು ವಿಚಾರಿಸಲು ಪೋಲೀಸರಲ್ಲದ ಸ್ವತಂತ್ರ ಅಧಿಕಾರಿಯನ್ನು ನೇಮಿಸಲಾಯಿತು. ಅದೇ ವೇಳೆಗೆ ಹಳೆಯ ದಳದ ತ್ಯಾಗವನ್ನು ನೆನೆದು ಅದಕ್ಕೆ ಜಾರ್ಜ್ ಕ್ರಾಸ್ ಪದಕವನ್ನೂ ಕೊಡಲಾಯಿತು. ತ್ಯಾಗಕ್ಕೆ ಗೌರವ, ತಪ್ಪಿಗೆ ವಿಚಾರಣೆ: ಇವೆರಡೂ ಒಂದೇ ಮನೆಯಲ್ಲಿ ಬಾಳಬಲ್ಲವು.

ಆದರೆ ಅದೇ ಪಾರ್ಲಿಮೆಂಟು 2023ರಲ್ಲಿ ಬೇರೊಂದು ಹಾದಿ ಹಿಡಿಯಿತು. ಹಿಂದಿನ ಹಿಂಸೆಯಲ್ಲಿ ಭಾಗಿಯಾದವರು ಆಯೋಗವೊಂದರ ಮುಂದೆ ನಿಜವನ್ನು ಹೇಳಿದರೆ ಅವರನ್ನು ಶಿಕ್ಷೆಯಿಂದ ಬಿಡುವುದೆಂದು ಶಾಸನ ಮಾಡಿತು. ಹೊಸ ದಾವೆಗಳ ಬಾಗಿಲನ್ನೂ ಮುಚ್ಚಿತು. ಮುದಿ ಸೈನಿಕರನ್ನು ಇನ್ನೆಷ್ಟು ಕಾಲ ಕಟಕಟೆಗೆ ಎಳೆಯುವುದು? ಶಾಂತಿ ಒಪ್ಪಂದದಂತೆ ಸಶಸ್ತ್ರ ಸಂಘದ ಕೈದಿಗಳನ್ನೇ ಬೇಗನೆ ಬಿಟ್ಟಿಲ್ಲವೇ? ಇದು ಅದರ ಪರವಾದ ವಾದ. ಯಾವ ವಿಷಯದಲ್ಲಿಯೂ ಒಂದಾಗದ ಉತ್ತರ ಐರ್ಲೆಂಡಿನ ಪ್ರಮುಖ ಪಕ್ಷಗಳು ಈ ಶಾಸನವನ್ನು ವಿರೋಧಿಸುವುದರಲ್ಲಿ ಒಂದಾದವು. ಪೋಲೀಸನ ವಿಧವೆಗೂ ಡೆರಿಯ ತಾಯಿಗೂ ನೋವು ಒಂದೇ ಆಗಿತ್ತು. 2024ರ ಫೆಬ್ರವರಿಯಲ್ಲಿ ಬೆಲ್‌ಫಾಸ್ಟಿನ ಹೈಕೋರ್ಟು ಆ ವಿನಾಯಿತಿಯು ಮಾನವ ಹಕ್ಕುಗಳಿಗೆ ಹೊಂದದೆಂದು ತೀರ್ಪಿತ್ತಿತು. ಅದನ್ನು ತೆಗೆದುಹಾಕುವ ಹೊಸ ಮಸೂದೆಯನ್ನು 2025ರ ಅಕ್ಟೋಬರಿನಲ್ಲಿ ಸರ್ಕಾರವು ಕಾಮನ್ಸ್ ಸಭೆಯಲ್ಲಿ ಮಂಡಿಸಿತು.

1998ರ ಬಿಡುಗಡೆಗೂ 2023ರ ವಿನಾಯಿತಿಗೂ ಭೇದವೇನು? ಮೊದಲನೆಯದರಲ್ಲಿ ಬಿಡುಗಡೆ ಹೊಂದಿದವರ ಅಪರಾಧವು ನ್ಯಾಯಾಲಯದಲ್ಲಿ ಸಿದ್ಧವಾಗಿತ್ತು. ಆ ಒಪ್ಪಂದಕ್ಕೆ ನೊಂದ ನಾಡಿನ ಜನರೇ ಮತದಾನದ ಮೂಲಕ ನೂರಕ್ಕೆ 71ರಷ್ಟು ಒಪ್ಪಿಗೆಯಿತ್ತಿದ್ದರು. ಎರಡನೆಯದು ನೊಂದವರ ಮಾತನ್ನು ಮೀರಿ ಬಂದ ಕ್ಷಮೆ. ಮುಖ್ಯವಾದ ತತ್ತ್ವವು ಇಲ್ಲಿಯೇ ಇದೆ. ಕ್ಷಮೆಯು ನೊಂದವನ ಧನ. ಅವನು ಕೊಡಬಹುದು, ಕೊಡದಿರಬಹುದು. ಅವನ ಧನವನ್ನು ಅವನ ಅನುಮತಿಯಿಲ್ಲದೆ ದಾನ ಮಾಡುವ ಅಧಿಕಾರವು ಯಾವ ಸಭೆಗೂ ಇಲ್ಲ. ಕ್ಷಮೆ ಬೇಡುವುದು ರಾಜ್ಯದ ಕೈಯಲ್ಲಿದೆ; ತನ್ನನ್ನು ತಾನೇ ಕ್ಷಮಿಸಿಕೊಳ್ಳುವುದು ಅದರ ಕೈಯಲ್ಲಿಲ್ಲ.

ಭಾರತೀಯರಿಗೆ ಇದು ಹೊಸ ಮಾತಲ್ಲ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಸರ್ಕಾರದ ಲೆಕ್ಕದಂತೆಯೇ 379 ಮಂದಿ ಸತ್ತರು. ಪಂಜಾಬಿನ ಅಧಿಕಾರಿಗಳನ್ನು ದಾವೆಗಳಿಂದ ಕಾಪಾಡುವ ಶಾಸನವು ವಿಚಾರಣೆ ಮುಗಿಯುವ ಮೊದಲೇ ಸಿದ್ಧವಾಗಿತ್ತು. 1920ರ ಜುಲೈ ತಿಂಗಳಲ್ಲಿ ಕಾಮನ್ಸ್ ಸಭೆಯಲ್ಲಿ ಚರ್ಚಿಲ್ಲರೇ ಆ ಕೃತ್ಯವನ್ನು ಖಂಡಿಸಿದರು. ಲಾರ್ಡ್ಸ್ ಸಭೆಯಾದರೋ ಜನರಲ್ ಡಯರನಿಗೆ ಅನ್ಯಾಯವಾಯಿತೆಂದು 86ಕ್ಕೆ ಎದುರಾಗಿ 129 ಮತಗಳಿಂದ ನಿರ್ಣಯ ಮಾಡಿತು. ನೂರು ವರ್ಷಗಳು ತುಂಬಿದಾಗ, 2019ರಲ್ಲಿ, ಪ್ರಧಾನಮಂತ್ರಿ ಥೆರೇಸಾ ಮೇ ಅವರು ವಿಷಾದವನ್ನು ಸೂಚಿಸಿದರೇ ಹೊರತು ಕ್ಷಮೆ ಬೇಡಲಿಲ್ಲ. ಡೆರಿಗೆ ದೊರೆತ ಮಾತು ಅಮೃತಸರಕ್ಕೆ ದೊರೆಯಲಿಲ್ಲ.

ಆದರೆ ಪರರತ್ತ ಬೆರಳು ತೋರಿಸುವುದು ಸುಲಭ. 1938ರ ಏಪ್ರಿಲಿನಲ್ಲಿ ಗೌರೀಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಕನ್ನಡಿಗರ ಮೇಲೆ ಗುಂಡು ಹಾರಿಸಿದವರು ಪರದೇಶದವರಲ್ಲ, ಮೈಸೂರು ಸಂಸ್ಥಾನದ ಪೋಲೀಸರೇ. 1984ರಲ್ಲಿ ದಿಲ್ಲಿಯಲ್ಲಿ ಸಿಖ್ಖರ ಕೊಲೆಗಳು ನಡೆದು ಎರಡು ದಶಕಗಳು ಕಳೆದ ಮೇಲೆ, 2005ರ ಆಗಸ್ಟಿನಲ್ಲಿ, ಪ್ರಧಾನಮಂತ್ರಿ ಮನಮೋಹನ ಸಿಂಗರು ಪಾರ್ಲಿಮೆಂಟಿನಲ್ಲಿ ನಾಚಿಕೆಯಿಂದ ತಲೆಬಾಗಿ ಕ್ಷಮೆ ಕೋರಿದರು. ತನ್ನ ಅಂಗಳದ ಕಸವನ್ನು ಕಾಣದವನು ನೆರೆಮನೆಯ ಅಂಗಳವನ್ನು ಕುರಿತು ಮಾತನಾಡುವುದರಿಂದ ಫಲವಿಲ್ಲ.

ಡೆರಿಯ ಕಥೆಗೆ ಪೂರ್ಣವಾದ ಮುಕ್ತಾಯವಿಲ್ಲ. ಕೊಲೆಯ ಆರೋಪ ಹೊತ್ತ ಒಬ್ಬ ಸೈನಿಕನನ್ನು 2025ರ ಅಕ್ಟೋಬರ್ 23ರಂದು ನ್ಯಾಯಾಲಯವು ಸಾಕ್ಷ್ಯವು ಸಾಲದೆಂದು ಬಿಡುಗಡೆ ಮಾಡಿತು. ಅಂದಿನ ಸೈನಿಕರು ಶಿಸ್ತನ್ನು ಕಳೆದುಕೊಂಡಿದ್ದರೆಂದು ಹೇಳಿದ ನ್ಯಾಯಾಧೀಶರೇ, ಐವತ್ತು ವರ್ಷಗಳ ಹಿಂದಿನ ಹೇಳಿಕೆಗಳ ಮೇಲೆ ಒಬ್ಬನನ್ನು ದಂಡಿಸಲಾಗದೆಂದರು. ಸಾಕ್ಷ್ಯವಿಲ್ಲದೆ ಶಿಕ್ಷೆಯಿಲ್ಲವೆಂಬುದೂ ಧರ್ಮವೇ. ಆದರೆ ಸಾಕ್ಷ್ಯವು ಹಸಿಯಾಗಿದ್ದಾಗ ಅದನ್ನು ಒಣಗಗೊಟ್ಟವರಾರು? ಶಿಕ್ಷೆಗೆ ಕಾಲಮಿತಿಯುಂಟು, ಮನುಷ್ಯನ ಆಯುಷ್ಯವೇ ಆ ಮಿತಿ. ತಪ್ಪೊಪ್ಪಿಗೆಗೆ ಅಂಥ ಮಿತಿಯಿಲ್ಲ; ಆದರೂ ಅದು ತಡವಾದಷ್ಟೂ ಕೇಳಬೇಕಾದ ಕಿವಿಗಳು ಒಂದೊಂದಾಗಿ ಮಣ್ಣು ಸೇರುವುವು.

ಶರಣರು ಅಂತರಂಗದ ಶುದ್ಧಿಯನ್ನೂ ಬಹಿರಂಗದ ಶುದ್ಧಿಯನ್ನೂ ಬೇರೆಯಾಗಿ ಕಾಣಲಿಲ್ಲ. ನುಡಿಗೆ ತಕ್ಕ ನಡೆಯನ್ನೇ ಬೇಡಿದರು. ಒಬ್ಬನಿಗೆ ಸಲ್ಲುವ ಆ ಮಾತು ಒಂದು ನಾಡಿಗೂ ಸಲ್ಲುವುದು. ಕೋಟೆಯ ಗೋಡೆಯು ಶತ್ರುವನ್ನು ತಡೆಯಬಲ್ಲದು. ಒಳಗಿರುವವರ ಅಪನಂಬಿಕೆಯನ್ನು ತಡೆಯಲಾರದು. ತನ್ನ ಪ್ರಜೆಯ ಮುಖವನ್ನು ನೋಡಿ ತಪ್ಪಾಯಿತೆನ್ನಬಲ್ಲ ರಾಜ್ಯವೇ ನಿಜವಾಗಿ ಭದ್ರವಾದ ರಾಜ್ಯ. ಈ ಅಭ್ಯಾಸವು ಪಾರ್ಲಿಮೆಂಟಿನಲ್ಲಿ ಮೊದಲಾಗುವುದಿಲ್ಲ. ಮನೆಯ ಜಗುಲಿಯಲ್ಲಿ ಮೊದಲಾಗುವುದು. ಮನೆಯ ಯಜಮಾನನು ಮಗನ ಮುಂದೆ, ಸೊಸೆಯ ಮುಂದೆ, ಆಳುಮಗನ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವುದನ್ನು ಕಂಡು ಬೆಳೆದ ಮಗುವೇ ಮುಂದೆ ಅಧಿಕಾರದ ಪೀಠದಲ್ಲಿ ಕುಳಿತಾಗ ಅದನ್ನು ಮಾಡಬಲ್ಲದು.