ಸಾರಥಿಯ ಆಸನ

ಹಳೆಯದಾದ ವಸ್ತುವಿನ ಮೇಲೆ ಎಷ್ಟು ವೆಚ್ಚ ಮಾಡುವದು ಯೋಗ್ಯವೆಂಬದು ಗೃಹಸ್ಥನಿಗೆ ಮೇಲಿಂದ ಮೇಲೆ ಎದುರಾಗುವ ಪ್ರಶ್ನೆ. ಮನೆಯ ಮಾಳಿಗೆ, ಎತ್ತಿನ ಬಂಡಿ, ಬಾವಿಯ ಪಂಪು ಮೊದಲಾದವುಗಳ ವಿಷಯದಲ್ಲಿ ಅವನು ಸರಳವಾದ ಒಂದು ಲೆಕ್ಕವನ್ನು ಹಾಕುತ್ತಾನೆ: ವಸ್ತುವಿನ ಆಯುಷ್ಯ ಎಷ್ಟು ಉಳಿದಿದೆಯೋ ದುರಸ್ತಿಯೂ ಅಷ್ಟಕ್ಕೆ ತಕ್ಕಷ್ಟೇ. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇದು ಎಲ್ಲೆಡೆಗೂ ಸಲ್ಲುವದೇ? ಹಳೆಯ ಲಾರಿಯೊಂದರ ಸವೆದ ತೊಗಲಿನ ಗಾದಿಯನ್ನು ಬದಲಿಸಬೇಕಾಗಿ ಬಂದಾಗ ಈ ಪ್ರಶ್ನೆಯು ತನ್ನ ನಿಜವಾದ ರೂಪವನ್ನು ತೋರಿಸುವದು.

ವಿಜಯಪುರ ಜಿಲ್ಲೆಯ ಬಹುಭಾಗವು ಎರೆಯ ನೆಲ. ಮಳೆಯಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರಿದು ಕುಗ್ಗುವ ಈ ಮಣ್ಣಿನ ಮೇಲೆ ಹಾಕಿದ ಡಾಂಬರಿನ ದಾರಿಯೂ ಬೇಗನೆ ಏರುತಗ್ಗಾಗುವದು. ಇಂಡಿ ತಾಲೂಕಿನ ತಾಂಬಾದಂಥ ಊರಿನಿಂದ ಲಿಂಬೆ, ತೊಗರಿ, ಕಬ್ಬುಗಳನ್ನು ಹೊತ್ತು ಹೊರಡುವ ಲಾರಿಗೆ ಇಂಥ ದಾರಿಗಳೇ ಗತಿ. ದಾರಿಯ ಒಂದೊಂದು ಕುಲುಕೂ ಗಾಲಿಯಿಂದ ಚಾಸಿಗೆ, ಚಾಸಿಯಿಂದ ಗಾದಿಗೆ, ಗಾದಿಯಿಂದ ಚಾಲಕನ ಬೆನ್ನೆಲುಬಿಗೆ ಏರುತ್ತದೆ. ಕುಳಿತ ಮನುಷ್ಯನ ಮುಂಡವು ಸೆಕೆಂಡಿಗೆ ಸುಮಾರು 5 ಸಲದ ಕಂಪಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಅದಿರುವದೆಂದು ಶಾಸ್ತ್ರಜ್ಞರು ಅಳೆದು ಹೇಳಿದ್ದಾರೆ. ದಿನಕ್ಕೆ 8 ತಾಸಿನಂತೆ ವರ್ಷಕ್ಕೆ 300 ದಿನ ಓಡಿಸಿದವನು 2,400 ತಾಸು ಆ ಗಾದಿಯ ಮೇಲೆಯೇ ಕಳೆಯುವನು. ಅದು ಅವನ ಪಾಲಿಗೆ ಅಲಂಕಾರವಲ್ಲ, ಮೈಗೂ ದಾರಿಗೂ ನಡುವೆ ಇರುವ ಒಂದೇ ಒಂದು ತಡೆ.

ಗಾದಿಯು ಸವೆಯುವ ಬಗೆಯೂ ಗಮನಿಸತಕ್ಕದ್ದು. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ತೊಗಲು ಮೆದುವಾಗಿ ಉಳಿಯುವದು ಅದಕ್ಕೆ ಉಣಿಸಿದ ಎಣ್ಣೆಯಿಂದ. ಗಾಜಿನೊಳಗಿಂದ ಬೀಳುವ ಬಿಸಿಲಿಗೆ ಆ ಎಣ್ಣೆಯು ಆರಿದರೆ ತೊಗಲು ಬಿರಿಯುವದು. ಅದರ ಬದಲಿಗೆ ಬಂದ ರೆಕ್ಸಿನ್ ಎಂಬದು ಮೊದಲು ಇಂಗ್ಲಂಡಿನ ಒಂದು ಕಂಪನಿಯು ಲೇಪ ಹಚ್ಚಿದ ತನ್ನ ಬಟ್ಟೆಗೆ ಇಟ್ಟ ಹೆಸರು. ಈಗ ಪ್ಲಾಸ್ಟಿಕ್ಕಿನ ಲೇಪವುಳ್ಳ ಎಲ್ಲ ಬಟ್ಟೆಗೂ ಜನರು ಅದನ್ನೇ ಹೇಳುವರು. ಅದರಲ್ಲಿಯೂ ಮೃದುತ್ವಕ್ಕೆಂದು ಬೆರೆಸಿದ ದ್ರವವು ಕಾಲಕ್ರಮದಲ್ಲಿ ಹೊರಟುಹೋಗಿ ಲೇಪವು ಗಡುಸಾಗುವದು. ಆದರೆ ಇವೆಲ್ಲ ಮೇಲಿನ ಹೊದಿಕೆಯ ಮಾತು. ಕುಲುಕನ್ನು ತಡೆಯುವವು ಒಳಗಿನ ಸ್ಪ್ರಿಂಗು, ನಾರು, ಸ್ಪಂಜುಗಳು. ಅವು ಕುಸಿದಿದ್ದರೂ ಮೇಲೆ ಹೊಳೆಯುವ ಹೊಸ ಹೊದಿಕೆಯನ್ನು ಹೊಲಿಸಿ ಗಾದಿಯನ್ನು ಬದಲಿಸಿದೆವೆನ್ನುವವರು ಬಹಳ. ನೋಡುವ ಕಣ್ಣಿಗೆ ಒಂದು, ಕುಳಿತ ಬೆನ್ನಿಗೆ ಇನ್ನೊಂದು ಆದಲ್ಲಿ ಸತ್ಯವು ಕೆಟ್ಟಿತೆಂದೇ ತಿಳಿಯಬೇಕು.

ಕಠೋಪನಿಷತ್ತು ಶರೀರವನ್ನು ರಥಕ್ಕೂ ಆತ್ಮನನ್ನು ರಥಿಕನಿಗೂ ಬುದ್ಧಿಯನ್ನು ಸಾರಥಿಗೂ ಹೋಲಿಸಿರುವದನ್ನು ವಾಚಕರು ಬಲ್ಲರು. ಅಲ್ಲಿ ರಥಿಕನೂ ಸಾರಥಿಯೂ ಒಂದೇ ರಥದಲ್ಲಿದ್ದಾರೆ. ರಥವು ಕುಲುಕಿದರೆ ಇಬ್ಬರಿಗೂ ನೋವು. ಲಾರಿಯ ರಥಿಕನಾದರೋ ಹೆಚ್ಚಾಗಿ ಮನೆಯಲ್ಲಿರುತ್ತಾನೆ. ವೆಚ್ಚವನ್ನು ನಿರ್ಧರಿಸುವವನು ಒಬ್ಬ, ಕುಲುಕನ್ನು ಉಣ್ಣುವವನು ಮತ್ತೊಬ್ಬ. ಗಾದಿಯ ಪ್ರಶ್ನೆಯು ನೀತಿಯ ಪ್ರಶ್ನೆಯಾಗುವದು ಇಲ್ಲಿಯೇ. “ಲಾರಿ ಇನ್ನು ಮೂರು ವರ್ಷ ಓಡೀತು, ಅದಕ್ಕೇಕೆ ಹೊಸ ಗಾದಿ?” ಎಂದು ಒಡೆಯನು ಕೇಳುವಾಗ ಅವನು ಲಾರಿಯ ಆಯುಷ್ಯವನ್ನು ಎಣಿಸುತ್ತಿದ್ದಾನೆ. ಲಾರಿಯು ಮೂರು ವರ್ಷಗಳ ಮೇಲೆ ಗುಜರಿಗೆ ಹೋದೀತು. ಚಾಲಕನ ಬೆನ್ನು ಎಲ್ಲಿಗೂ ಹೋಗದು. ಆ ಮೂರು ವರ್ಷಗಳ ನೋವನ್ನು ಅವನು ಮುಪ್ಪಿನವರೆಗೆ ಹೊರಬೇಕಾದೀತು. ವಾಹನಕ್ಕೆ ವಯಸ್ಸಾಯಿತೆಂದು ಅದರಲ್ಲಿ ಕುಳಿತವನ ಬೆಲೆಯು ಇಳಿಯುವದಿಲ್ಲ.

ಕಾಯಿದೆಯು ಇದನ್ನು ನೋಡಿಕೊಳ್ಳಲೆಂದು ಸುಮ್ಮನಿರುವಂತೆಯೂ ಇಲ್ಲ. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ತಾಸುಗಳ ದುಡಿಮೆಯನ್ನು ಗೊತ್ತುಪಡಿಸಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆಂದು ಮಾಡಿದ್ದು. ಲಾರಿಯ ಚಾಲಕನ ಕೋಣೆಗೆ ತಂಪು ಯಂತ್ರವನ್ನು ಕಡ್ಡಾಯ ಮಾಡಿದ ನಿಯಮವು 2025ರ ಅಕ್ಟೋಬರ 1ರಿಂದ ಈಚೆಗೆ ತಯಾರಾದ ಭಾರಿ ವಾಹನಗಳಿಗೆ ಸಂಬಂಧಿಸಿದ್ದು. ಒಂದೇ ಲಾರಿಯುಳ್ಳ ಸಣ್ಣ ಒಡೆಯ, ಹಳೆಯ ವಾಹನ, ಈ ಎರಡೂ ಇಂಥ ಕಟ್ಟಳೆಗಳ ಕೈಯಿಂದ ಜಾರುವವು. ಕಾಯಿದೆಯು ನಿಂತಲ್ಲಿ ಧರ್ಮವು ನಡೆಯಬೇಕು. ಇಲ್ಲದಿದ್ದರೆ ಅಲ್ಲಿ ನಡೆಯುವದು ಏನೂ ಇಲ್ಲ.

ತೊಗಲಿನ ಧರ್ಮವೇನೆಂಬದನ್ನು ಈ ನಾಡಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕವು ದೊರೆತಾಗ ಅದನ್ನು ಮಾಡುವ ಸೀಮೆಗಳಲ್ಲಿ ವಿಜಯಪುರವೂ ಸೇರಿತು. ಇದೇ ಸೀಮೆಯ ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳ. ಅವರು ತನ್ನ ಒಂದು ಶರಣಿಗೆ ಎರಡು ಶರಣೆಂದುದನ್ನು ಋಣವೆಂದು ಬಗೆದು ಹರಳಯ್ಯನು ತನ್ನ ಮತ್ತು ಮಡದಿಯ ತೊಡೆಯ ತೊಗಲಿನಿಂದ ಪಾದರಕ್ಷೆಗಳನ್ನು ಮಾಡಿದನೆಂದೂ, ಬಸವಣ್ಣನವರು ಅವುಗಳನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಶರಣ ಪರಂಪರೆಯು ಹೇಳುವದು. ಇನ್ನೊಬ್ಬರ ಮೈಗೆ ನೆಲದ ಒರಟು ತಾಗದಿರಲೆಂಬ ಕಳಕಳಿಯೇ ಆ ಕಥೆಯಲ್ಲಿ ತೊಗಲಿಗೆ ಬೆಲೆ ತಂದಿತು. ಲಾರಿಯ ಒಡೆಯನಿಂದ ಯಾರೂ ಅವನ ತೊಗಲನ್ನು ಕೇಳುತ್ತಿಲ್ಲ. ನೆಟ್ಟಗಿನ ಒಂದು ಗಾದಿ ಸಾಕು.

“ಡ್ರೈವರನೇನೂ ಕೇಳಿಲ್ಲವಲ್ಲ, ಅವನಿಗೆ ರೂಢಿಯಾಗಿದೆ” ಎಂಬ ಸಮಾಧಾನವು ಲೋಕದಲ್ಲಿ ಉಂಟು. ರೂಢಿಯೆಂದರೆ ನೋವಿಲ್ಲವೆಂದಲ್ಲ; ಹೇಳಿ ಪ್ರಯೋಜನವಿಲ್ಲವೆಂದು ತಿಳಿದುಕೊಂಡದ್ದು. ಇನ್ನು, ಸಾಲದ ಲಾರಿಯನ್ನು ತಾನೇ ಓಡಿಸುವ ಒಡೆಯನ ಮಾತು ಬೇರೆಯಲ್ಲವೇ ಎನ್ನಬಹುದು. ಅವನ ಬಡತನವು ನಿಜ. ತಿಂಗಳ ಕಂತು ಕೈಯಲ್ಲಿದ್ದುದನ್ನೆಲ್ಲ ಒಯ್ಯುವಾಗ ಅವನು ಮೊದಲು ಕಡಿತ ಮಾಡುವದು ತನ್ನ ಮೈಯ ಸುಖವನ್ನೇ. ಅಂಥವನಿಗೆ ಬೇಕಾದದ್ದು ದುಬಾರಿ ತೊಗಲಲ್ಲ. ಹೊದಿಕೆಯು ಅಗ್ಗದ್ದಾದರೂ ಆಗಲಿ, ಒಳಗಿನದು ಗಟ್ಟಿಯಾಗಿರಲಿ. ದುಡಿಯುವ ಮೈಯು ಕಾಯಕದ ಮೊದಲನೆಯ ಉಪಕರಣ. ಅದನ್ನು ಕೆಡಿಸಿಕೊಂಡು ಉಳಿಸಿದ ಹಣವು ಉಳಿತಾಯವೆನಿಸದು.

ಹಾಗಾದರೆ ಎಷ್ಟು ವೆಚ್ಚ ಮಾಡುವದು ಯೋಗ್ಯ? ಅದಕ್ಕೆ ಅಂಕಿಯನ್ನು ಗೊತ್ತುಮಾಡುವದು ಆಗದ ಮಾತು. ಅಳೆಯುವ ಬಗೆಯನ್ನು ಮಾತ್ರ ಹೇಳಬಹುದು. ಹಳೆಯ ಗಾದಿಯು ಇನ್ನೂ ನಡೆದೀತೆಂದು ತೀರ್ಮಾನಿಸುವ ಮೊದಲು ಒಡೆಯನು ಅದರ ಮೇಲೆ ತಾನೇ ಕುಳಿತು, ಬೇಸಿಗೆಯ ಒಂದು ಮಧ್ಯಾಹ್ನ, ಹೇರು ತುಂಬಿದ ಲಾರಿಯಲ್ಲಿ ತಾಂಬಾದಿಂದ ಇಂಡಿಯವರೆಗೆ ಹೋಗಿಬರಲಿ. ಇಳಿದ ಮೇಲೆಯೂ ಅವನ ಲೆಕ್ಕವು ಮೊದಲಿನಂತೆಯೇ ಇದ್ದರೆ ಆಗ ಅದನ್ನು ಒಪ್ಪಬಹುದು.