ರಟ್ಟಿನ ಮನೆಯ ಬಾಗಿಲು

ಆಗಮನಕಾಲದ ಎರಡನೆಯ ವಾರ ಬಂತೆಂದರೆ ನಮ್ಮ ಕುಟುಂಬಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಗೋದಲಿಯ ಸಾಮಾನುಗಳು ಒಂದೊಂದಾಗಿ ಹೊರಬರುತ್ತವೆ. ಕುರುಬನೊಬ್ಬನ ಕೈ ಮುರಿದಿರುತ್ತದೆ, ಒಂಟೆಯ ಕಾಲು ಮುಕ್ಕಾಗಿರುತ್ತದೆ. ಬಾಲಯೇಸು, ಮಾತೆ ಮರಿಯ, ಸಂತ ಜೋಸೆಫರ ಪ್ರತಿಮೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟರೆ ಸಾಕು. ಮನೆಗಳು ಮಾತ್ರ ಹೊಸದಾಗಿಯೇ ಆಗಬೇಕು. ಅವು ರಟ್ಟಿನವು. ಒಂದು ಮಳೆಗಾಲದ ತೇವವನ್ನೂ ಅಟ್ಟದ ಇಲಿಗಳನ್ನೂ ದಾಟಿ ಬರುವುದಿಲ್ಲ.

ರಟ್ಟಿನ ಮನೆ ಮಾಡುವುದು ಸುಲಭವೆಂದು ನೋಡುವವರಿಗೆ ತೋರುತ್ತದೆ. ಹೊರಬದಿಗೆ ಮಾತ್ರ ಬಣ್ಣ ಬಳಿದರೆ ರಟ್ಟು ಒಣಗುವಾಗ ಬಾಗಿಕೊಳ್ಳುತ್ತದೆ; ಯಾರೂ ನೋಡದ ಒಳಬದಿಗೂ ಒಂದು ಸಲ ಬಳಿಯಲೇಬೇಕು. ಒಳಗೆ ದೀಪವಿಡುವುದಾದರೆ ಆ ಬಣ್ಣ ಕಪ್ಪಾಗಿರಬೇಕು, ಇಲ್ಲವಾದರೆ ಬೆಳಕು ಕಿಟಕಿಯಲ್ಲಷ್ಟೇ ಅಲ್ಲದೆ ಗೋಡೆಯಲ್ಲೆಲ್ಲ ಸೋರುತ್ತದೆ. ಸಾಮಾನು ಬಂದ ಪೆಟ್ಟಿಗೆಯ ರಟ್ಟಿನ ಮೇಲ್ಪದರವನ್ನು ನೀರಿನಲ್ಲಿ ತೋಯಿಸಿ ಸುಲಿದರೆ ಒಳಗಿನ ಏರಿಳಿತದ ಸಾಲುಗಳು ಮಂಗಳೂರು ಹೆಂಚಿನ ಮಾಡನ್ನೇ ಹೋಲುತ್ತವೆ. ಮೇಲೆ ಕೆಮ್ಮಣ್ಣಿನ ಬಣ್ಣ ಬಿದ್ದರಾಯಿತು. ಥರ್ಮಾಕೋಲಿಗೆ ಎಣ್ಣೆಬಣ್ಣ ಬಳಿದು, ಅದು ಕರಗಿ ಹಳ್ಳ ಬೀಳುವುದನ್ನು ಕಂಡು ಬೆಪ್ಪಾದವರು ಪ್ರತಿ ಧರ್ಮಕೇಂದ್ರದಲ್ಲೂ ಒಬ್ಬರಾದರೂ ಇದ್ದಾರು. ಕೊನೆಗೆ ಉಳಿಯುವುದು ಬಾಗಿಲು. ಅದನ್ನು ಕತ್ತರಿಸಿ ಕೂರಿಸುವುದು ತೊಡಕಿನ ಕೆಲಸ. ಆದ್ದರಿಂದ ಕಂದು ಬಣ್ಣದ ಒಂದು ಚೌಕ ಬರೆದು, ಹಳದಿ ಚುಕ್ಕೆಯೊಂದನ್ನು ಚಿಲಕವೆಂದು ಇಟ್ಟು ಕೈತೊಳೆದುಕೊಳ್ಳುತ್ತೇವೆ. ಹೀಗೆ ನಮ್ಮ ಬೆತ್ಲೆಹೇಮಿನ ಮನೆಗಳೆಲ್ಲವೂ ತೆರೆಯಲಾಗದ ಬಾಗಿಲಿನ ಮನೆಗಳು.

ಇಲ್ಲಿಯೇ ನನಗೊಂದು ಪ್ರಶ್ನೆ ಕಾಡುತ್ತದೆ. ಈ ಮನೆಗಳು ಯಾರವು? ನಾವು ಬಾಲ್ಯದಿಂದ ಕೇಳಿದ ಕಥೆಯ ಪ್ರಕಾರ ಇವು ತುಂಬು ಗರ್ಭಿಣಿಗೆ ಜಾಗವಿಲ್ಲವೆಂದ ಮನೆಗಳು. ಅವುಗಳನ್ನು ನಾವೇಕೆ ಇಷ್ಟು ಪ್ರೀತಿಯಿಂದ ಸಿಂಗರಿಸುತ್ತೇವೆ? ಕಿಟಕಿಯಲ್ಲಿ ದೀಪ ಹಚ್ಚಿ, ಒಳಗೆ ಸುಖಸಂಸಾರವಿದೆಯೆಂದು ಏಕೆ ತೋರಿಸುತ್ತೇವೆ?

1223ರಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಗ್ರೆಚ್ಚಿಯೊ ಎಂಬ ಇಟಲಿಯ ಬೆಟ್ಟದೂರಿನಲ್ಲಿ ಏರ್ಪಡಿಸಿದ ಗೋದಲಿಯಲ್ಲಿ ಮನೆಗಳಿರಲಿಲ್ಲ. ಅಲ್ಲಿದ್ದುದು ಹುಲ್ಲು ತುಂಬಿದ ಒಂದು ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಸುತ್ತ ಊರಿನ ಜನ. ಮನೆಗಳು ಸೇರಿದ್ದು ಬಹಳ ಕಾಲದ ನಂತರ. 18ನೆಯ ಶತಮಾನದ ನೇಪಲ್ಸ್ ನಗರದ ಕುಶಲಕರ್ಮಿಗಳು ಬೆಂಡಿನಿಂದಲೂ ಮರದಿಂದಲೂ ತಮ್ಮದೇ ಪೇಟೆಯನ್ನು ಕಟ್ಟಿ, ಅದರ ನಡುವೆ ಬಾಲಯೇಸುವನ್ನು ಮಲಗಿಸಿದರು. ಬ್ರೆಡ್ ಸುಡುವವನು, ಹಣ್ಣು ಮಾರುವವಳು, ಭಿಕ್ಷುಕ ಎಲ್ಲರೂ ಅಲ್ಲಿದ್ದಾರೆ. ಜಗದ್ಗುರು ಫ್ರಾನ್ಸಿಸ್‌ರವರು 2019ರ ಡಿಸೆಂಬರ್ 1ರಂದು ಗ್ರೆಚ್ಚಿಯೊದಲ್ಲಿಯೇ ಸಹಿ ಮಾಡಿದ ಗೋದಲಿಯ ಕುರಿತ ಪ್ರೇಷಿತ ಪತ್ರದಲ್ಲಿ, ಶುಭಸಂದೇಶದಲ್ಲಿಲ್ಲದ ಇಂಥ ಪಾತ್ರಗಳನ್ನು ಮೆಚ್ಚುಗೆಯಿಂದಲೇ ನೆನೆದಿದ್ದಾರೆ.

ಇನ್ನೊಂದು ದಾರಿಯಲ್ಲಿ ಸಾಗಿದ ಮನೆಗಳೂ ಇವೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಮೊರೇವಿಯನ್ ಪಂಥದ ಕ್ರೈಸ್ತರು 1741ರಲ್ಲಿ ಸ್ಥಾಪಿಸಿ ಬೆತ್ಲೆಹೆಮ್ ಎಂದೇ ಹೆಸರಿಟ್ಟ ಪಟ್ಟಣವಿದೆ. ಗೋದಲಿಯ ಸುತ್ತ ಊರನ್ನೇ ಕಟ್ಟುವ ಅವರ ಪದ್ಧತಿಗೆ 'ಪುಟ್ಸ್' ಎಂದು ಹೆಸರು. ಮುಂದೆ 1920 ಮತ್ತು 30ರ ದಶಕಗಳಲ್ಲಿ ಜಪಾನಿನಿಂದ ಬಣ್ಣ ಬಳಿದ, ಮಿನುಗುಪುಡಿ ಉದುರಿಸಿದ ರಟ್ಟಿನ ಪುಟ್ಟ ಮನೆಗಳು ಅಮೆರಿಕದ ಅಗ್ಗದ ಅಂಗಡಿಗಳಿಗೆ ರಾಶಿರಾಶಿಯಾಗಿ ಬಂದವು. ಬೆನ್ನಿಗೆ ಬಲ್ಬು ತೂರಿಸಲು ತೂತು ಇರುತ್ತಿತ್ತು. ಕ್ರೈಸ್ತರು ತೀರ ವಿರಳವಾಗಿದ್ದ ನಾಡಿನ ಕೈಗಳು ಅವುಗಳನ್ನು ಮಾಡಿದವು. ಮಹಾಯುದ್ಧ ಆ ವ್ಯಾಪಾರವನ್ನು ನಿಲ್ಲಿಸಿತು. ಆಮೇಲೆ ಪ್ಲಾಸ್ಟಿಕ್ ಬಂತು, ಪಿಂಗಾಣಿ ಬಂತು. ಎಷ್ಟೋ ಮನೆಗಳಲ್ಲಿ ಕ್ರಿಸ್ಮಸ್ ಮರದ ಕೆಳಗೆ ಊರು ಉಳಿಯಿತು, ಗೋದಲಿ ಇಲ್ಲವಾಯಿತು. ಹಿಮ, ದೀಪ, ಚರ್ಚಿನ ಗೋಪುರ ಎಲ್ಲವೂ ಇದ್ದು, ಬರಬೇಕಾದವನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಇದನ್ನು ಹೇಳಿ ದೂರದವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಊರುಗಳಲ್ಲಿಯೂ ಸ್ಪರ್ಧೆಗೆಂದು ಕಟ್ಟಿದ ಗೋದಲಿಗಳಲ್ಲಿ ಜಲಪಾತ, ರೈಲುಗಳ ನಡುವೆ ಬಾಲಯೇಸುವನ್ನು ಹುಡುಕಬೇಕಾದ ಸಂದರ್ಭಗಳುಂಟು.

ಆದರೆ ಆ ರಾತ್ರಿ ಬಾಗಿಲು ಹಾಕಿದವರು ನಿಜಕ್ಕೂ ಇದ್ದರೆ? ಸಂತ ಲೂಕರ ಶುಭಸಂದೇಶವನ್ನು ತೆರೆದು ನೋಡಿ. ಛತ್ರದ ಯಜಮಾನ ಎಂಬುವನೇ ಅಲ್ಲಿಲ್ಲ. ನಮ್ಮ ಕ್ರಿಸ್ಮಸ್ ನಾಟಕಗಳಲ್ಲಿ ಮೀಸೆ ತಿರುವಿ ಗದರುವ ಆ ಪಾತ್ರ ನಮ್ಮ ಸೃಷ್ಟಿ. ನಾವು ಛತ್ರವೆಂದು ಓದಿಕೊಂಡು ಬಂದಿರುವ ಗ್ರೀಕ್ ಪದ 'ಕತಾಲುಮಾ'. ಅದೇ ಪದವನ್ನು ಲೂಕರು 22ನೆಯ ಅಧ್ಯಾಯದಲ್ಲಿ ಕಡೆಯ ಭೋಜನದ ಕೋಣೆಗೂ ಬಳಸುತ್ತಾರೆ. ಸತ್ಪುರುಷ ಸಮಾರಿಯದವನ ಸಾಮತಿಯಲ್ಲಿ ಬರುವ, ಹಣ ಕೊಟ್ಟು ತಂಗುವ ಛತ್ರಕ್ಕೆ ಅವರು ಬಳಸುವುದು ಬೇರೆಯೇ ಪದ. ಆದ್ದರಿಂದ ಪಂಡಿತರಲ್ಲಿ ಹಲವರು ಹೀಗೆನ್ನುತ್ತಾರೆ: ಅದು ಮನೆಯೊಂದರ ಅತಿಥಿಗಳ ಕೋಣೆ. ಅದು ತುಂಬಿದ್ದರಿಂದ, ರಾತ್ರಿ ದನಕರುಗಳನ್ನು ಕಟ್ಟುತ್ತಿದ್ದ ಮನೆಯ ಭಾಗದಲ್ಲೇ ಮಗು ಹುಟ್ಟಿತು, ಅಲ್ಲಿದ್ದ ಮೇವಿನ ತೊಟ್ಟಿಯೇ ತೊಟ್ಟಿಲಾಯಿತು. ಗವಿಯೆಂಬ ಸಂಪ್ರದಾಯವೂ ಎರಡನೆಯ ಶತಮಾನದಷ್ಟು ಹಳೆಯದು. ಗವಿಗೆ ಹೊಂದಿಸಿ ಕಟ್ಟಿದ ಮನೆಗಳೂ ಆ ಪ್ರಾಂತ್ಯದಲ್ಲಿದ್ದುದರಿಂದ ಎರಡಕ್ಕೂ ಜಗಳವೇನಿಲ್ಲ.

ಹೀಗೆ ಓದಿದರೆ ಬೆತ್ಲೆಹೇಮಿನ ಆ ಮನೆಯವರು ದುಷ್ಟರಾಗಿರಲಿಲ್ಲ. ಅವರಲ್ಲಿ ಒಳ್ಳೆಯ ಕೋಣೆ ಇರಲಿಲ್ಲ, ಇದ್ದುದನ್ನು ಕೊಟ್ಟರು.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪನ್ನು ಮುಚ್ಚಿಡಲಾರೆ. ಕೆಲವು ವರ್ಷಗಳ ಹಿಂದೆ, ಇದೇ ಆಗಮನಕಾಲದ ಒಂದು ಸಂಜೆ, ಮಕ್ಕಳೊಂದಿಗೆ ಪಡಸಾಲೆಯಲ್ಲಿ ಕುಳಿತು ರಟ್ಟಿನ ಮನೆಗಳಿಗೆ ಬಣ್ಣ ಬಳಿಯುತ್ತಿದ್ದೆ. ವಯಸ್ಸಾದ ದಂಪತಿಗಳು ಬಾಗಿಲಿಗೆ ಬಂದರು. ಹೆಂಡತಿಯ ಚಿಕಿತ್ಸೆಗೆಂದು ಉತ್ತರ ಕರ್ನಾಟಕದ ಕಡೆಯಿಂದ ನಮ್ಮ ಊರಿನ ಆಸ್ಪತ್ರೆಗೆ ಬಂದಿದ್ದರು. "ಒಂದು ಹದಿನೈದು ದಿನಕ್ಕ ಒಂದು ಖೋಲಿ ಸಿಕ್ಕರ ಸಾಕ್ರೀ ಯಪ್ಪಾ" ಎಂದು ಆ ಹಿರಿಯರು ಕೈಮುಗಿದರು. ಮನೆಯ ಹಿಂದೆ ನಮಗೊಂದು ಕೋಣೆಯಿತ್ತು. ಅದರ ತುಂಬ ಮುರಿದ ಕುರ್ಚಿ, ಹಳೆಯ ಪುಸ್ತಕ, ಗೋದಲಿಯ ಪೆಟ್ಟಿಗೆಗಳು. "ಜಾಗವಿಲ್ಲ ಯಜಮಾನರೇ" ಎಂದೆ. ಅದು ಸುಳ್ಳಾಗಿರಲಿಲ್ಲ. ನನ್ನ ಹೆಂಡತಿ ಒಳಗೆ ಕರೆದು, "ರೀ, ಜಗಲಿಗೆ ಒಂದು ಪರದೆ ಕಟ್ಟಿಕೊಡೋಣ" ಎಂದಳು. ಕಾಯಿಲೆಯವರನ್ನು ಜಗಲಿಯಲ್ಲಿ ಮಲಗಿಸಿದರೆ ನೋಡಿದವರು ಏನೆಂದಾರು ಎಂದೆ. ಅವರು ನೀರು ಕುಡಿದು ಹೊರಟುಹೋದರು. ಮರುತಿಂಗಳು ಆ ಕೋಣೆಯನ್ನು ಖಾಲಿ ಮಾಡಿದೆವು. ಅವರು ಮತ್ತೆ ಬರಲಿಲ್ಲ.

ಈಗ ಯೋಚಿಸಿದರೆ ನನ್ನನ್ನು ತಡೆದದ್ದು ಜಿಪುಣತನವಲ್ಲ. ಕೊಟ್ಟರೆ ಮರ್ಯಾದೆಯಾಗಿ ಕೊಡಬೇಕು, ಇಲ್ಲವಾದರೆ ಕೊಡಲೇಬಾರದು ಎಂಬ ಹಮ್ಮು. ನಾಲ್ವರು ಮಕ್ಕಳೊಡನೆ ಒಂದೇ ಕೋಣೆಯಲ್ಲಿ ಬದುಕುವ ಕುಟುಂಬ ಜಾಗವಿಲ್ಲ ಎಂದರೆ ಅದರ ಮೇಲೆ ದೋಷ ಹೊರಿಸುವುದು ಅನ್ಯಾಯ. ನನ್ನಂಥವನ ಮಾತು ಬೇರೆ. ಬಾಗಿಲಲ್ಲಿ ಆಡಿದ ಒಂದು ಮಾತಿಗಷ್ಟೇ ನಾನು ಉತ್ತರವಾದಿಯಲ್ಲ, ಯಾರೂ ಬಾಗಿಲು ತಟ್ಟುವ ಮೊದಲೇ ಆ ಕೋಣೆ ಹೇಗೆ ತುಂಬಿತು ಎಂಬುದಕ್ಕೂ ಉತ್ತರವಾದಿ. ಪಾಪನಿವೇದನೆಯಲ್ಲಿ ಇದನ್ನು ಯಾವ ಹೆಸರಿನಿಂದ ಹೇಳಬೇಕೆಂದು ತಿಳಿಯದೆ ಬಹಳ ದಿನ ಒದ್ದಾಡಿದ್ದೇನೆ.

ಮನೆಗಳಿಗೆ ಬಣ್ಣ ಬಳಿಯುವುದನ್ನು ನಾವು ಬಿಟ್ಟಿಲ್ಲ. ಮೊದಲೆಲ್ಲ ಅವು ಗೋದಲಿಯ ಹಿಂದಿನ ಕಾಗದದ ಬೆಟ್ಟದ ಮೇಲೆ, ಕೊಟ್ಟಿಗೆಯಿಂದ ಆದಷ್ಟು ದೂರ ಇರುತ್ತಿದ್ದವು. ದೂರದ ಊರಿನ ನೋಟ ಚೆನ್ನಾಗಿ ಬರುತ್ತದೆಂದು ಹಾಗೆ ಇಡುತ್ತಿದ್ದೆವು. ಈಗ ಒಂದು ಮನೆಯನ್ನು ದೊಡ್ಡದಾಗಿಯೇ ಮಾಡಿ, ಮೊಳೆತ ರಾಗಿಯ ಪೈರಿನ ನಡುವೆ ಕೆಳಗಿಳಿಸಿ, ಅದರ ಒಂದು ಪಕ್ಕದ ಗೋಡೆಯನ್ನೇ ತೆಗೆದು ಎತ್ತು ಕತ್ತೆಗಳನ್ನು ಅಲ್ಲಿ ಕಟ್ಟುತ್ತೇವೆ. ಆ ಮನೆಗೆ ಮಾತ್ರ ಬಾಗಿಲನ್ನು ಬ್ಲೇಡಿನಿಂದ ಕತ್ತರಿಸಿ ಕೂರಿಸುತ್ತೇವೆ. ಅದು ನೆಟ್ಟಗೆ ನಿಲ್ಲುವುದಿಲ್ಲ. ಪ್ರತಿ ಸಲವೂ ಹಿಂದಿನಿಂದ ಬಟ್ಟೆಯ ಪಟ್ಟಿಯೊಂದನ್ನು ಅಂಟಿಸಬೇಕಾಗುತ್ತದೆ.