ಎಂಜಿನ್ನಿಗೆ ಸಿಕ್ಕ ಕಾವಲು

ಲೇತ್ ಯಂತ್ರದ ಕೆಳಗೆ ಕಬ್ಬಿಣದ ಸುರುಳಿ ರಾಶಿ ಬೀಳುತ್ತದೆ. ಸಂಜೆ ಗುಡಿಸಿ ಮೂಲೆಗೆ ತಳ್ಳುತ್ತಾರೆ. ಆಮೇಲೆ ಗುಜರಿಗೆ. ಯಾರಿಗೂ ಬೇಡದ ಮಾಲು. ಆದರೆ ಈ ಸುರುಳಿಗೆ ತುಕ್ಕು ಹಿಡಿಸಿ, ಡ್ರಮ್ಮಿಗೆ ತುಂಬಿ, ಅದರ ಮೂಲಕ ಗೋಬರ್ ಗ್ಯಾಸನ್ನು ಹಾಯಿಸುವುದುಂಟು. ಗ್ಯಾಸಿನಲ್ಲಿರುವ ಕೊಳೆತ ಮೊಟ್ಟೆಯ ನಾತದ ವಿಷ, ಹೈಡ್ರೋಜನ್ ಸಲ್ಫೈಡ್, ತುಕ್ಕಿನೊಡನೆ ಕೂಡಿ ಅಲ್ಲೇ ಉಳಿಯುತ್ತದೆ. ತುಕ್ಕು ಕಪ್ಪಾಗಿ ದಣಿದಾಗ ಹೊರತೆಗೆದು, ಬಿಸಿಯೇರಿ ಹೊತ್ತಿಕೊಳ್ಳದಂತೆ ನೀರು ಚಿಮುಕಿಸಿ, ಗಾಳಿಗೆ ಹರವುತ್ತಾರೆ. ಗಾಳಿ ತಾಕಿದರೆ ಅದು ಮತ್ತೆ ತುಕ್ಕಾಗಿ ಕೆಲಸಕ್ಕೆ ಬರುತ್ತದೆ. ಕಲ್ಲಿದ್ದಲ ಗ್ಯಾಸನ್ನು ಹೀಗೆ ಶುದ್ಧ ಮಾಡುವ ವಿದ್ಯೆ ೧೯ನೇ ಶತಮಾನದಿಂದಲೇ ಗೊತ್ತು.

ಇಷ್ಟೆಲ್ಲ ಜತನ ಯಾತಕ್ಕೆ? ಎಂಜಿನ್ನಿಗಾಗಿ. ಈ ವಿಷ ಉರಿದರೆ ಆಮ್ಲ ಹುಟ್ಟಿ ಎಂಜಿನ್ನನ್ನು ತಿನ್ನುತ್ತದೆ.

ಗೆಳೆಯರೇ, ಇದೇ ವಿಷ ಮ್ಯಾನ್‌ಹೋಲಿನಲ್ಲೂ ಇದೆ. ಅಲ್ಲಿಗೆ ಇಳಿಸುವುದು ಯಾರನ್ನ? ನಮ್ಮ ಕೇರಿಯವರನ್ನ. ಪ್ರಮಾಣ ಹೆಚ್ಚಾದರೆ ಅದು ಮೊದಲು ಮೂಗನ್ನೇ ಕೊಲ್ಲುತ್ತದೆ, ನಾತವೇ ಗೊತ್ತಾಗೋದಿಲ್ಲ. ಗಾಳಿ ಸರಿಯಿದೆ ಅಂದುಕೊಂಡವನು ಕುಸಿಯುತ್ತಾನೆ. ಅವನನ್ನು ಎಳೆಯಲು ಇಳಿದವನೂ ಅಲ್ಲೇ ಕುಸಿಯುತ್ತಾನೆ. ರಕ್ಷಣೆಯ ಸಲಕರಣೆ ಇಲ್ಲದೆ ಯಾರನ್ನೂ ಇಳಿಸಬಾರದು ಎನ್ನುತ್ತದೆ ೨೦೧೩ರ ಕಾನೂನು. ಸತ್ತವನ ಮನೆಗೆ ೧೦ ಲಕ್ಷ ಕೊಡಿ ಎಂದು ೨೦೧೪ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ೨೦೨೩ರಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆ ಏರಿತು, ಇಳಿಸುವುದು ನಿಲ್ಲಲಿಲ್ಲ.

ಕೆಲವರು ಉಪದೇಶ ಮಾಡುತ್ತಾರೆ: ಕಸವೂ ಉಪಯೋಗಕ್ಕೆ ಬರುತ್ತದಪ್ಪ, ಕೀಳು ಕೆಲಸ ಅನ್ನೋದಿಲ್ಲ, ಇವರ ಸೇವೆ ದೊಡ್ಡದು. ಈ ಹೊಗಳಿಕೆಯಲ್ಲೇ ಮೋಸವಿದೆ. ಕಬ್ಬಿಣಕ್ಕೆ ಬೆಲೆ ಬರುವುದು ಉಪಯೋಗದಿಂದ. ಮನುಷ್ಯನಿಗೆ ಹಾಗಲ್ಲ. ಯಾರ ಹೊಲಸನ್ನೂ ತೊಳೆಯದೆ, ಯಾರಿಗೂ ಉಪಯೋಗಕ್ಕೆ ಬಾರದೆ ಬದುಕಿದರೂ ಅವನ ಘನತೆ ಅವನದೇ. ವಿಷ ಕುಡಿಯುವವನಿಗೆ ಹಾರ ಹಾಕಿ ಮತ್ತೆ ಅದೇ ಗುಂಡಿಗೆ ಇಳಿಸುವುದು ಗೌರವವೇ?

ತುಕ್ಕನ್ನು ಗಾಳಿಗೆ ಹರವಿದರೆ ಮತ್ತೆ ಚೇತರಿಸುತ್ತದೆ. ಗುಂಡಿಯಿಂದ ಎಳೆದ ಹೆಣವನ್ನು ಎಷ್ಟು ಹೊತ್ತು ಗಾಳಿಗೆ ಮಲಗಿಸಿದರೂ ಏಳುವುದಿಲ್ಲ.

ಹಳ್ಳಿಯ ಮೇಷ್ಟ್ರೇ, ಮಕ್ಕಳಿಗೆ ಈ ಪಾಠ ಮಾಡಿ. ಚೆನ್ನಾದ ಪಾಠವೇ. ಸೂತ್ರ ಬರೆದಾದ ಮೇಲೆ ಅದೇ ಹಲಗೆಯ ಮೇಲೆ ಒಂದು ಪ್ರಶ್ನೆಯನ್ನೂ ಬರೆಯಿರಿ: ಎಂಜಿನ್ನಿಗೆ ಕಾವಲಿಡಲು ಗೊತ್ತಿರುವ ಈ ಸಮಾಜ, ಗುಂಡಿಗೆ ಯಂತ್ರ ಇಳಿಸುವ ಬದಲು ಮನುಷ್ಯನನ್ನೇ ಯಾಕೆ ಇಳಿಸುತ್ತದೆ? ಉತ್ತರ ರಸಾಯನಶಾಸ್ತ್ರದ ಪುಸ್ತಕದಲ್ಲಿ ಸಿಗೋದಿಲ್ಲ. ಇಳಿದವನ ಜಾತಿ ಕೇಳಿದರೆ ಸಿಗುತ್ತದೆ.